ಧ್ವನಿಮುದ್ರಣಗಳ ಕಂಪ್ರೆಷನ್: ಸಂಗೀತಕ್ಕೂ ಮಾತಿಗೂ ಸೆಟ್ಟಿಂಗ್ ಆರಿಸುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಡನ್ನೋ ಉಪನ್ಯಾಸವನ್ನೋ ಧ್ವನಿಮುದ್ರಿಸಿಕೊಂಡವರು, ಕೆಲಸವೆಲ್ಲ ಮುಗಿದು ಫೈಲನ್ನು ಉಳಿಸುವ ಹೊತ್ತಿಗೆ ಎದುರಾಗುವ ಆಯ್ಕೆಗಳ ಮುಂದೆ ತಡವರಿಸುವುದು ಸಾಮಾನ್ಯ. ಅಂಥವರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟುಮಾಡಿದ್ದೇನೆ. ಪ್ರತಿ ಉತ್ತರವೂ ತನ್ನಷ್ಟಕ್ಕೆ ಪೂರ್ಣವಾಗಿರುವುದರಿಂದ ಬೇಕಾದುದನ್ನಷ್ಟೇ ಓದಿಕೊಳ್ಳಬಹುದು; ಸುಲಭದವು ಮೊದಲಿಗೆ, ತೊಡಕಿನವು ಕೊನೆಗೆ ಇವೆ.

## ಮೊದಲು ತಿಳಿಯಬೇಕಾದವು

ಈಗ ಡಿಸ್ಕ್ ಜಾಗಕ್ಕೇನೂ ಬರವಿಲ್ಲ. ಕಂಪ್ರೆಸ್ ಮಾಡಲೇಬೇಕಾ?

ಎಲ್ಲ ಸಂದರ್ಭದಲ್ಲೂ ಬೇಕಿಲ್ಲ. ಸಿಡಿ ಗುಣಮಟ್ಟದ ಧ್ವನಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಮಾದರಿಗಳು (ಧ್ವನಿಯ ಅಲೆಯನ್ನು ಅಳೆದ ಅಂಕಿಗಳು), ಪ್ರತಿ ಮಾದರಿಗೆ 16 ಬಿಟ್‌ಗಳು, ಎಡ ಬಲವೆಂದು ಎರಡು ಚಾನೆಲ್‌ಗಳು ಇರುತ್ತವೆ. ಇವನ್ನು ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳಾಗುತ್ತವೆ, ಅಂದರೆ ಒಂದು ಗಂಟೆಯ ಧ್ವನಿಗೆ ಸುಮಾರು 635 ಎಂಬಿ. ಅದನ್ನೇ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದರೆ ಗಂಟೆಗೆ 2 ಜಿಬಿ ದಾಟುತ್ತದೆ. ಮನೆಯ ಡಿಸ್ಕಿನಲ್ಲಿ ಇಟ್ಟುಕೊಳ್ಳಲು ಇದು ಹೊರೆಯಲ್ಲ. ಆದರೆ ಫೋನಿಗೆ ತುಂಬಿಕೊಳ್ಳಲು, ನಿಧಾನದ ಸಂಪರ್ಕದಲ್ಲಿ ಇನ್ನೊಬ್ಬರಿಗೆ ಕಳಿಸಲು, ನೂರಾರು ಜನ ಇಳಿಸಿಕೊಳ್ಳುವ ಹಾಗೆ ಇಡಲು ಅಷ್ಟು ದೊಡ್ಡ ಫೈಲು ಒಗ್ಗುವುದಿಲ್ಲ. ಹಾಗಾಗಿ ಸೆಟ್ಟಿಂಗಿನ ಪೆಟ್ಟಿಗೆಯ ಮುಂದೆ ಕೂತಾಗ ಮೊದಲು ನಿರ್ಧರಿಸಬೇಕಾದದ್ದು ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಬಿಟ್‌ಗಳೆಂಬುದನ್ನಲ್ಲ. ಈ ಫೈಲು ಕಾಪಿಡುವುದಕ್ಕೋ ಹಂಚುವುದಕ್ಕೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಕಾಪಿಡುವ ಪ್ರತಿಯಿಂದ ಏನನ್ನೂ ಕಳೆಯಬಾರದು. ಹಂಚುವ ಪ್ರತಿಯನ್ನು ಎಷ್ಟು ಬೇಕಾದರೂ ಹಿಂಡಬಹುದು, ಏಕೆಂದರೆ ಅದನ್ನು ಮತ್ತೆ ಮಾಡಿಕೊಳ್ಳಲು ಮೂಲ ಇರುತ್ತದೆ.

ಝಿಪ್ ಮಾಡಿದರೆ ಸಾಲದೇ?

ಝಿಪ್ ಹುಡುಕುವುದು ಇದ್ದ ಹಾಗೆಯೇ ಮರುಕಳಿಸುವ ಅಕ್ಷರಸರಣಿಗಳನ್ನು. ಧ್ವನಿಯ ಅಲೆ ಕಿವಿಗೆ ಎಷ್ಟೇ ಒಂದೇ ಥರ ಕೇಳಿದರೂ ಅಂಕಿಗಳಲ್ಲಿ ಹಾಗೆ ಮರುಕಳಿಸುವುದು ವಿರಳವಾದ್ದರಿಂದ ಗಾತ್ರ ಅಷ್ಟಾಗಿ ಇಳಿಯುವುದಿಲ್ಲ. ಧ್ವನಿಗೆಂದೇ ಮಾಡಿದ ನಷ್ಟರಹಿತ ಬಗೆಯಾದ ಫ್ಲ್ಯಾಕ್ ಬೇರೆ ದಾರಿ ಹಿಡಿಯುತ್ತದೆ: ಹಿಂದಿನ ಕೆಲವು ಮಾದರಿಗಳನ್ನು ನೋಡಿ ಮುಂದಿನದನ್ನು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ. ಅದರಿಂದ ಸಂಗೀತದ ಫೈಲು ಸಾಮಾನ್ಯವಾಗಿ ಮೂಲದ ಅರ್ಧದಿಂದ ಮೂರನೆಯ ಎರಡರಷ್ಟಕ್ಕೆ ಇಳಿಯುತ್ತದೆ, ಮತ್ತು ಬಿಚ್ಚಿದಾಗ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಮರಳಿ ಸಿಗುತ್ತದೆ.

ಎಂಪಿ3ಯಲ್ಲಿ ನಷ್ಟವಾಗುತ್ತದೆ ಅಂತಾರಲ್ಲ, ನಷ್ಟವಾಗುವುದು ಏನು?

‘ಕಿವಿಗೆ ಕೇಳಿಸದ ಸದ್ದುಗಳನ್ನು ತೆಗೆದುಹಾಕುತ್ತದೆ’ ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ಅದು ಅರ್ಧ ನಿಜ. ಎಂಪಿ3 ಎನ್‌ಕೋಡರ್ (ಧ್ವನಿಯನ್ನು ಎಂಪಿ3 ಆಗಿ ಬರೆಯುವ ತಂತ್ರಾಂಶ) ಧ್ವನಿಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಪ್ರತಿ ತುಣುಕನ್ನೂ 576 ಆವರ್ತನ ಪಟ್ಟಿಗಳಾಗಿ ಹರಡಿ, ಪ್ರತಿಯೊಂದರ ಬಲವನ್ನು ಒಂದು ಅಂಕಿಯಾಗಿ ಬರೆಯುತ್ತದೆ. ಬಿಟ್‌ಗಳನ್ನು ಉಳಿಸಲು ಆ ಅಂಕಿಗಳನ್ನು ಒರಟಾಗಿ ಅಂದಾಜು ಮಾಡುತ್ತದೆ, ನಾವು ಪೈಸೆಗಳನ್ನು ಬಿಟ್ಟು ರೂಪಾಯಿಗೆ ಸರಿಹೊಂದಿಸುವ ಹಾಗೆ. ಒರಟು ಅಂದಾಜಿನಿಂದ ಹುಟ್ಟುವ ತಪ್ಪು ಕಿವಿಗೆ ಒಂದು ಬಗೆಯ ಗದ್ದಲವೇ. ಜೋರಾದ ಸ್ವರ ತನ್ನ ಅಕ್ಕಪಕ್ಕದ ಆವರ್ತನಗಳ ಮೆಲುಸದ್ದನ್ನು ಮುಚ್ಚಿಹಾಕುತ್ತದೆ ಎಂಬ ನಮ್ಮ ಕಿವಿಯ ದೌರ್ಬಲ್ಯವನ್ನು ಬಳಸಿಕೊಂಡು, ಆ ಗದ್ದಲವನ್ನು ಜೋರು ಸ್ವರಗಳ ನೆರಳಿನಲ್ಲಿ ಅಡಗಿಸುವುದೇ ಇಡೀ ಜಾಣ್ಮೆ. ಬಿಟ್‌ರೇಟ್ ಸಾಕಷ್ಟಿದ್ದರೆ ಗದ್ದಲ ನೆರಳಿನೊಳಗೇ ಉಳಿಯುತ್ತದೆ. ಸಾಲದಾದರೆ ಹೊರಗೆ ಇಣುಕುತ್ತದೆ. ಅಗ್ಗದ ಎಂಪಿ3ಗಳಲ್ಲಿ ಕೇಳುವ ನೀರಿನಡಿಯ ಗುಳುಗುಳು ಸದ್ದು ಅದೇ.

ಸ್ಟುಡಿಯೋದವರು ‘ಕಂಪ್ರೆಸರ್ ಹಾಕಿದೀವಿ’ ಅಂತಾರೆ. ಅದೂ ಇದೇನಾ?

ಅಲ್ಲ, ಹೆಸರೊಂದೇ. ಸ್ಟುಡಿಯೋದ ಕಂಪ್ರೆಸರ್ ಧ್ವನಿಯ ಜೋರು ಮತ್ತು ಮೆಲುವಿನ ನಡುವಿನ ಅಂತರವನ್ನು ಕುಗ್ಗಿಸುತ್ತದೆ. ಫೈಲಿನ ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಪುಟದಲ್ಲಿ ಕಂಪ್ರೆಷನ್ ಎಂದಾಗಲೆಲ್ಲ ಫೈಲಿನ ಗಾತ್ರವನ್ನು ಇಳಿಸುವುದು ಎಂದೇ ಅರ್ಥ.

ಬಿಟ್‌ರೇಟ್ ನೋಡಿ ಫೈಲು ಎಷ್ಟು ದೊಡ್ಡದಾಗುತ್ತದೆ ಅಂತ ಹೇಳುವುದು ಹೇಗೆ?

ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಸಾವಿರ ಬಿಟ್‌ಗಳು) ಅಂಕಿಯನ್ನು 0.45ರಿಂದ ಗುಣಿಸಿದರೆ ಒಂದು ಗಂಟೆಯ ಧ್ವನಿಯ ಗಾತ್ರ ಎಂಬಿಗಳಲ್ಲಿ ಸಿಗುತ್ತದೆ. 128 ಕೆಬಿಪಿಎಸ್‌ಗೆ 57.6 ಎಂಬಿ, 320ಕ್ಕೆ 144 ಎಂಬಿ, 24ಕ್ಕೆ 10.8 ಎಂಬಿ.

## ಸಂಗೀತಕ್ಕೆ

ವಿವರಣೆ ಬೇಡ, ಹಾಡಿಗೆ ಯಾವ ಸೆಟ್ಟಿಂಗ್ ಇಡಲಿ ಅಂತ ಹೇಳಿಬಿಡಿ.

ಕಾಪಿಡುವ ಪ್ರತಿಗೆ ಫ್ಲ್ಯಾಕ್. ಎಲ್ಲ ಸಾಧನಗಳಲ್ಲೂ ನುಡಿಯಬೇಕಾದ ಪ್ರತಿಗೆ ಲೇಮ್ ಎನ್‌ಕೋಡರಿನಲ್ಲಿ ವಿ2 ಸೆಟ್ಟಿಂಗಿನ ಎಂಪಿ3. ಇದು ಸರಾಸರಿ 190 ಕೆಬಿಪಿಎಸ್ ಆಸುಪಾಸಿಗೆ ಬರುತ್ತದೆ. ನುಡಿಸುವ ಸಾಧನ ಹೊಸದಾಗಿದ್ದು ಜಾಗ ಕಡಿಮೆಯಿದ್ದರೆ ಓಪಸ್ ಎಂಬ ಹೊಸ ಬಗೆಯಲ್ಲಿ 128 ಕೆಬಿಪಿಎಸ್ ಸ್ಟೀರಿಯೋ. ಓಪಸ್ ನುಡಿಯದ ಸಾಧನದಲ್ಲಿ ಎಎಸಿ ಎಂಬ ಇನ್ನೊಂದು ಬಗೆ ಬೇಕೆಂದಿದ್ದರೆ ಅದರ ಸಾದಾ ರೂಪವಾದ ಎಎಸಿ-ಎಲ್‌ಸಿಯಲ್ಲಿ 160ರಿಂದ 192. ಇಷ್ಟು ತಿಳಿದರೆ ಬಹುತೇಕರ ಕೆಲಸ ಮುಗಿಯುತ್ತದೆ.

ಎಂಪಿ3 ಹಳೆಯ ಕಾಲದ್ದು, ಇನ್ನೂ ಯಾಕೆ ಬಳಸಬೇಕು?

ಹಳತು ನಿಜ. ಮಾನದಂಡ ರೂಪುಗೊಂಡದ್ದು 1990ರ ದಶಕದ ಆರಂಭದಲ್ಲಿ. ಆ ಮೂರಕ್ಷರದ ಹೆಸರನ್ನು ಫೈಲುಗಳ ಕೊನೆಗೆ ಅಂಟಿಸಲು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ತೀರ್ಮಾನಿಸಿದ್ದು 1995ರಲ್ಲಿ. 1997ರಲ್ಲಿ ಬಂದ ಎಎಸಿ, 2002ರಲ್ಲಿ ಸಿದ್ಧವಾದ ವೋರ್ಬಿಸ್, 2012ರಲ್ಲಿ ಮಾನದಂಡವಾದ ಓಪಸ್, ಇವು ಮೂರೂ ಕಡಿಮೆ ಬಿಟ್‌ರೇಟಿನಲ್ಲಿ ಅದನ್ನು ಮೀರಿಸುತ್ತವೆ. ಆದರೂ ನುಡಿಸಲು ಬಾರದ ಸಾಧನ ಸಿಗುವುದೇ ಕಷ್ಟ ಎಂಬ ಒಂದು ಗುಣದಲ್ಲಿ ಎಂಪಿ3ಗೆ ಸಾಟಿಯಿಲ್ಲ. 2017ರಲ್ಲಿ ಅದರ ಪರವಾನಗಿ ವ್ಯವಸ್ಥೆಯೂ ಕೊನೆಗೊಂಡಿತು. 190 ಕೆಬಿಪಿಎಸ್‌ಗಿಂತ ಮೇಲೆ ಒಳ್ಳೆಯ ಎನ್‌ಕೋಡರಿನಿಂದ ಮಾಡಿದ ಎಂಪಿ3ಗೂ ಹೊಸ ಕೋಡೆಕ್‌ಗಳಿಗೂ (ಧ್ವನಿಯನ್ನು ಹಿಂಡಿ ಬಿಚ್ಚುವ ವಿಧಾನಗಳಿಗೂ) ನಡುವಿನ ಅಂತರವನ್ನು ಕಿವಿಯಿಂದ ಹಿಡಿಯುವುದು ಬಹಳ ಕಷ್ಟ. ಹೊಸ ಕೋಡೆಕ್‌ಗಳ ನಿಜವಾದ ಮೇಲುಗೈ ಇರುವುದು 100ಕ್ಕಿಂತ ಕೆಳಗೆ.

320 ಇರುವಾಗ 192 ಯಾಕೆ ಇಡಬೇಕು? ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ?

ಸಂಗೀತಕ್ಕೆ ಪ್ರತಿ ಕ್ಷಣವೂ ಒಂದೇ ಪ್ರಮಾಣದ ಬಿಟ್‌ಗಳು ಬೇಕಾಗುವುದಿಲ್ಲ. ಒಂಟಿ ಕೊಳಲು ನಿಂತ ಸ್ವರವನ್ನು ಹಿಡಿದಿರುವಾಗ ಕಡಿಮೆ ಸಾಕು. ಇಡೀ ವಾದ್ಯವೃಂದ ಒಮ್ಮೆಲೇ ಎದ್ದಾಗ ಹೆಚ್ಚು ಬೇಕು. ಸ್ಥಿರ ಬಿಟ್‌ರೇಟ್ ಎರಡಕ್ಕೂ ಒಂದೇ ಅಳತೆ ಕೊಡುತ್ತದೆ, ಹಾಗಾಗಿ ಒಂದು ಕಡೆ ಪೋಲಾಗುತ್ತದೆ, ಇನ್ನೊಂದು ಕಡೆ ಸಾಲದಾಗುತ್ತದೆ. ಬದಲಾಗುವ ಬಿಟ್‌ರೇಟಿನ ಬಗೆಯಲ್ಲಿ ನಾವು ಸೂಚಿಸುವುದು ಗುಣಮಟ್ಟವನ್ನು, ಅದಕ್ಕೆ ತಗಲುವ ಬಿಟ್‌ಗಳನ್ನು ಎನ್‌ಕೋಡರ್ ತಾನೇ ನಿರ್ಧರಿಸುತ್ತದೆ. ಲೇಮ್‌ನಲ್ಲಿ ವಿ0 ಎಂದರೆ ಸರಾಸರಿ 245 ಕೆಬಿಪಿಎಸ್ ಸುತ್ತಮುತ್ತ, ವಿ5 ಎಂದರೆ 130 ಸುತ್ತಮುತ್ತ. ಅಂಕಿ ಇಳಿದಷ್ಟೂ ಗುಣ ಏರುತ್ತದೆ ಎಂಬುದನ್ನು ಮರೆತು ವಿ9 ಆರಿಸಿಕೊಂಡು ಕೆಟ್ಟ ಫೈಲು ಬಂತೆಂದು ಬೇಸರಪಟ್ಟವರು ಹಲವರು.

ಸ್ಥಿರ ಬಿಟ್‌ರೇಟಿಗೂ ಜಾಗವಿದೆ. ನೇರಪ್ರಸಾರದ ಸಂಪರ್ಕದಲ್ಲಿ ಇಂತಿಷ್ಟೇ ಹರಿಯಬೇಕೆಂಬ ಕಟ್ಟು ಇರುತ್ತದೆ. ಕೆಲವು ಹಳೆಯ ಸಾಧನಗಳು ಬದಲಾಗುವ ಬಿಟ್‌ರೇಟಿನ ಫೈಲಿನ ಒಟ್ಟು ಅವಧಿಯನ್ನು ತಪ್ಪಾಗಿ ತೋರಿಸುತ್ತವೆ. ಇಂಥ ಕಾರಣ ಇಲ್ಲದಿರುವಾಗ 320ನ್ನು ಆರಿಸುವುದು ತಪ್ಪೇನಲ್ಲ, ಆದರೆ ಅಷ್ಟು ಜಾಗ ಕೊಡಲು ಸಿದ್ಧರಿದ್ದರೆ ಫ್ಲ್ಯಾಕ್ ಕಡೆಗೇ ಹೋಗಿಬಿಡುವುದು ನನಗೆ ಹೆಚ್ಚು ಸರಿಯಾಗಿ ಕಾಣುತ್ತದೆ.

ಜಾಯಿಂಟ್ ಸ್ಟೀರಿಯೋ ಇಟ್ಟರೆ ಸ್ಟೀರಿಯೋ ಹಾಳಾಗುತ್ತದಂತೆ?

ಇದು ಕೆಟ್ಟ ಎನ್‌ಕೋಡರ್‌ಗಳ ಕಾಲದಿಂದ ಉಳಿದುಬಂದ ಭಯ. ಎಡ ಮತ್ತು ಬಲ ಚಾನೆಲ್‌ಗಳಲ್ಲಿ ಬಹುಪಾಲು ಒಂದೇ ವಿಷಯ ಇರುವುದರಿಂದ, ಎರಡನ್ನೂ ಬೇರೆಬೇರೆ ಬರೆಯುವ ಬದಲು ಅವುಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಬರೆದರೆ ಬಿಟ್‌ಗಳು ಉಳಿಯುತ್ತವೆ; ಮೊತ್ತ ಮತ್ತು ವ್ಯತ್ಯಾಸ ಗೊತ್ತಿದ್ದರೆ ಎರಡೂ ಚಾನೆಲ್‌ಗಳನ್ನು ಮರಳಿ ಪಡೆಯುವುದು ಶಾಲೆಯ ಲೆಕ್ಕ. ಫ್ಲ್ಯಾಕ್ ಕೂಡ ಇದೇ ಉಪಾಯವನ್ನು ನಷ್ಟವಿಲ್ಲದೆ ಬಳಸುತ್ತದೆ. ಒಳ್ಳೆಯ ಎನ್‌ಕೋಡರ್ ಪ್ರತಿ ಚೌಕಟ್ಟಿಗೂ (ಧ್ವನಿಯ ಒಂದೊಂದು ಸಣ್ಣ ತುಣುಕಿಗೂ) ಯಾವುದು ಲಾಭವೋ ಅದನ್ನು ಆರಿಸುವುದರಿಂದ ಜಾಯಿಂಟ್ ಸ್ಟೀರಿಯೋವನ್ನು ಹಾಗೆಯೇ ಬಿಡಿ.

ಫ್ಲ್ಯಾಕ್‌ನಲ್ಲಿ 0ಯಿಂದ 8ರ ತನಕ ಇದೆಯಲ್ಲ, 8 ಇಟ್ಟರೆ ಧ್ವನಿ ಚೆನ್ನಾಗಿರುತ್ತದೆಯೇ?

ಎಲ್ಲವೂ ಒಂದೇ ಧ್ವನಿ. ಆ ಅಂಕಿ ಎನ್‌ಕೋಡರ್ ಎಷ್ಟು ಹೊತ್ತು ತಲೆ ಕೆಡಿಸಿಕೊಳ್ಳಬೇಕೆಂಬುದನ್ನಷ್ಟೇ ಹೇಳುತ್ತದೆ. ಮೊದಲೇ ಇರುವ 5ಕ್ಕೂ 8ಕ್ಕೂ ಗಾತ್ರದಲ್ಲಿ ಅತ್ಯಲ್ಪ ವ್ಯತ್ಯಾಸ. ನುಡಿಸುವಾಗಿನ ಶ್ರಮ ಹೆಚ್ಚುಕಡಿಮೆ ಒಂದೇ.

24 ಬಿಟ್, 96 ಕಿಲೋಹರ್ಟ್ಸ್ ಇರುವುದನ್ನು 16 ಬಿಟ್, 44.1ಕ್ಕೆ ಇಳಿಸಿದರೆ ಏನು ಕಳೆದುಕೊಳ್ಳುತ್ತೇನೆ?

ಕೇಳುವುದಕ್ಕಾದರೆ ಏನೂ ಇಲ್ಲ ಎನ್ನಬಹುದು. ಪ್ರತಿ ಬಿಟ್ ಸುಮಾರು 6 ಡೆಸಿಬೆಲ್‌ನಷ್ಟು ಜೋರು ಮತ್ತು ಮೆಲುವಿನ ಅಂತರವನ್ನು ಕೊಡುವುದರಿಂದ 16 ಬಿಟ್‌ಗೆ 96 ಡೆಸಿಬೆಲ್ ಸಿಗುತ್ತದೆ. ಸಿದ್ಧಗೊಂಡ ಸಂಗೀತಕ್ಕೆ ಅದು ಧಾರಾಳ. ಮಾದರಿಯ ದರದ ಅರ್ಧದವರೆಗಿನ ಆವರ್ತನಗಳು ದಾಖಲಾಗುತ್ತವೆಯಾದ್ದರಿಂದ 44.1 ಕಿಲೋಹರ್ಟ್ಸ್ ಮನುಷ್ಯನ ಕಿವಿಯ 20 ಕಿಲೋಹರ್ಟ್ಸ್ ಮಿತಿಯನ್ನು ದಾಟಿಯೇ ಇರುತ್ತದೆ. ಮುದ್ರಿಸುವಾಗ ಮಾತ್ರ ವಿಷಯ ಬೇರೆ. ಹಾಡುವವರು ಇದ್ದಕ್ಕಿದ್ದಂತೆ ಏರುದನಿ ತೆಗೆದಾಗ ಒಡೆಯದಿರಲಿ ಎಂದು ಮಟ್ಟವನ್ನು ತಗ್ಗಿಸಿಟ್ಟುಕೊಂಡು ಆಮೇಲೆ ಏರಿಸಿಕೊಳ್ಳಲು 24 ಬಿಟ್‌ನ ಸಡಿಲು ಬಹಳ ಉಪಯುಕ್ತ. ಆದ್ದರಿಂದ ಮುದ್ರಣ ಮತ್ತು ಸಂಕಲನ 24ರಲ್ಲಿ, ಹಂಚುವ ಪ್ರತಿ 16ರಲ್ಲಿ. ಇಳಿಸುವಾಗ ಡಿದರ್ (ಅಂದಾಜಿನ ತಪ್ಪು ಕರ್ಕಶವಾಗದಂತೆ ತುಸು ಗದ್ದಲ ಬೆರೆಸುವ) ಆಯ್ಕೆಯನ್ನು ಚಾಲೂ ಇಡಬೇಕು. ಅಂದಹಾಗೆ 24 ಬಿಟ್‌ನ ಕೊನೆಯ ಕೆಲವು ಬಿಟ್‌ಗಳಲ್ಲಿ ಇರುವುದು ಬಹುತೇಕ ಉಪಕರಣಗಳ ಸುಯ್ ಸದ್ದು. ಅದನ್ನು ಯಾರೂ ಊಹಿಸಲಾರರಾದ್ದರಿಂದ 24 ಬಿಟ್ ಫ್ಲ್ಯಾಕ್ ನಿರೀಕ್ಷಿಸಿದಷ್ಟು ಸಣ್ಣದಾಗುವುದಿಲ್ಲ.

ತಾಳವಾದ್ಯದ ಪೆಟ್ಟು ಬೀಳುವ ಮೊದಲೇ ಒಂದು ‘ಹ್ಸ್’ ಕೇಳುತ್ತದೆ. ನನ್ನ ಭ್ರಮೆಯೇ?

ಭ್ರಮೆಯಲ್ಲ. ಎನ್‌ಕೋಡರ್ ಧ್ವನಿಯನ್ನು ತುಣುಕುಗಳಾಗಿ ತೆಗೆದುಕೊಳ್ಳುತ್ತದೆ ಮತ್ತು ಅಂದಾಜಿನ ತಪ್ಪು ಇಡೀ ತುಣುಕಿನ ಉದ್ದಕ್ಕೂ ಹರಡುತ್ತದೆ. ಪೆಟ್ಟು ತುಣುಕಿನ ನಡುವೆ ಬಿದ್ದರೆ ಅದಕ್ಕಿಂತ ಮುಂಚಿನ ನಿಶ್ಶಬ್ದದಲ್ಲೂ ಆ ಗದ್ದಲ ಬಂದು ಕೂರುತ್ತದೆ. ಜೋರು ಸದ್ದು ತನ್ನ ನಂತರದ ಮೆಲುಸದ್ದನ್ನು ಬಹಳ ಹೊತ್ತು ಮುಚ್ಚಬಲ್ಲದು, ಆದರೆ ತನಗಿಂತ ಮುಂಚಿನದನ್ನು ಕೆಲವೇ ಮಿಲಿಸೆಕೆಂಡುಗಳಷ್ಟು ಮಾತ್ರ ಮುಚ್ಚುತ್ತದೆ. ಹೀಗಾಗಿ ಈ ಮುನ್‌ಪ್ರತಿಧ್ವನಿ ಬಯಲಾಗುತ್ತದೆ. ಪೆಟ್ಟು ಕಂಡಾಗ ಎನ್‌ಕೋಡರ್ ಚಿಕ್ಕ ತುಣುಕುಗಳಿಗೆ ಬದಲಿಸಿಕೊಳ್ಳುತ್ತದೆ. ಎಂಪಿ3ಯಲ್ಲಿ ಆ ಚಿಕ್ಕ ತುಣುಕೂ ಇಂಥ ಧ್ವನಿಗೆ ಕೊಂಚ ಉದ್ದವೇ. ಕೈಚಿಟಿಕೆ, ಕ್ಯಾಸ್ಟನೆಟ್, ಗೆಜ್ಜೆ, ಮೀಟುವ ತಂತಿ, ಇವು ಕೋಡೆಕ್ ತಯಾರಕರ ನೆಚ್ಚಿನ ಪರೀಕ್ಷಾ ಸಾಮಗ್ರಿ ಆಗಿರುವುದು ಇದೇ ಕಾರಣಕ್ಕೆ. ನಿಮ್ಮ ಸಂಗ್ರಹದಲ್ಲಿ ಇಂಥವೇ ಹೆಚ್ಚಿದ್ದರೆ ವಿ0ಗೆ ಏರಿ, ಅಥವಾ ಎಂಪಿ3 ಬಿಟ್ಟು ಎಎಸಿಗೋ ಓಪಸ್‌ಗೋ ಬನ್ನಿ.

ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಆವರ್ತನಗಳ ಚಿತ್ರದಲ್ಲಿ) 16 ಕಿಲೋಹರ್ಟ್ಸ್ ಮೇಲೆ ಏನೂ ಇಲ್ಲ. ಫೈಲು ನಕಲಿಯೇ?

ಫೈಲು ಫ್ಲ್ಯಾಕ್ ಎಂದು ಹೇಳಿಕೊಂಡಿದ್ದು ಅಲ್ಲಿ ಕತ್ತರಿಸಿದ ಹಾಗೆ ಅಡ್ಡಗೆರೆ ಕಂಡರೆ, ಹಿಂದೊಮ್ಮೆ ಎಂಪಿ3 ಆಗಿದ್ದಿರಬಹುದೆಂದು ಅನುಮಾನಿಸಬಹುದು. ಎಂಪಿ3ಯಲ್ಲೇ ಅದು ಕಂಡರೆ ದೋಷವಲ್ಲ: 128 ಕೆಬಿಪಿಎಸ್‌ನಲ್ಲಿ ಎನ್‌ಕೋಡರ್ ಬೇಕೆಂದೇ 16, 17 ಕಿಲೋಹರ್ಟ್ಸ್ ಮೇಲಿನದನ್ನು ಕೈಬಿಟ್ಟು ಆ ಬಿಟ್‌ಗಳನ್ನು ಕಿವಿ ಹೆಚ್ಚು ಗಮನಿಸುವ ಕೆಳಗಿನ ಆವರ್ತನಗಳಿಗೆ ಕೊಡುತ್ತದೆ. ಆ ಗೆರೆಯನ್ನು ಬಲವಂತವಾಗಿ ಮೇಲಕ್ಕೆ ಸರಿಸುವ ಆಯ್ಕೆ ಇದ್ದರೂ ಮುಟ್ಟದಿರುವುದು ಲೇಸು. ಚಿತ್ರ ಚೆಂದವಾಗುತ್ತದೆ, ಧ್ವನಿ ಕೆಡುತ್ತದೆ.

## ಮಾತಿಗೆ

ಒಂದು ಗಂಟೆಯ ಉಪನ್ಯಾಸಕ್ಕೆ ಕನಿಷ್ಠ ಎಷ್ಟು ಬಿಟ್‌ರೇಟ್ ಸಾಕು?

ಕೋಡೆಕ್ ಯಾವುದೆಂಬುದರ ಮೇಲೆ ನಿಂತಿದೆ. ಎಲ್ಲೆಡೆ ನುಡಿಯಬೇಕಾದ ಎಂಪಿ3 ಆದರೆ ಮೋನೋ 64 ಕೆಬಿಪಿಎಸ್; ಒಂದು ಚಾನೆಲಿಗೆ ಸಿಗುವ ಪಾಲಿನ ಲೆಕ್ಕದಲ್ಲಿ ಇದು ಸ್ಟೀರಿಯೋ 128ಕ್ಕೆ ಸಮ, ಮಾತಿಗೆ ಧಾರಾಳ. ಗಂಟೆಗೆ 28.8 ಎಂಬಿ ಆಗುತ್ತದೆ. ಓಪಸ್ ಆದರೆ ಮೋನೋ 24ರಿಂದ 32 ಕೆಬಿಪಿಎಸ್‌ನಲ್ಲಿ ಮಾತು ಸ್ವಚ್ಛವಾಗಿ, ಆಯಾಸವಿಲ್ಲದೆ ಕೇಳುತ್ತದೆ. 16ರಲ್ಲೂ ಅರ್ಥಕ್ಕೆ ಧಕ್ಕೆಯಿಲ್ಲ.

ಓಪಸ್ ಇಷ್ಟು ಕಡಿಮೆಯಲ್ಲಿ ನಿಭಾಯಿಸುವುದಕ್ಕೆ ಅದರ ಒಳಗೆ ಎರಡು ಯಂತ್ರಗಳಿರುವುದು ಕಾರಣ. ಒಂದು ಸ್ಕೈಪ್‌ನಿಂದ ಬಂದ ಸಿಲ್ಕ್. ಅದು ಗಂಟಲಿನ ಕಂಪನ ಮತ್ತು ಬಾಯಿಯ ಆಕಾರವನ್ನು ಮಾದರಿಯಾಗಿಟ್ಟುಕೊಂಡು ಮಾತನ್ನು ಬರೆದುಕೊಳ್ಳುತ್ತದೆ. ಇನ್ನೊಂದು ಝಿಫ್ ಸಂಸ್ಥೆಯ ಸೆಲ್ಟ್. ಅದು ಯಾವುದೇ ಧ್ವನಿಯನ್ನು ಆವರ್ತನಗಳಾಗಿ ಹರಡಿ ಬರೆದುಕೊಳ್ಳುತ್ತದೆ. ಬಿಟ್‌ರೇಟ್ ಮತ್ತು ಧ್ವನಿಯ ಸ್ವಭಾವ ನೋಡಿ ಎನ್‌ಕೋಡರ್ ಇವೆರಡರ ನಡುವೆ ಓಡಾಡುತ್ತದೆ, ಎರಡನ್ನೂ ಬೆರೆಸುವುದೂ ಉಂಟು. ಸ್ಪೀಕ್ಸ್ ಎಂಬ ಹಳೆಯ ಮಾತಿನ ಕೋಡೆಕ್ಕನ್ನು ಅದರ ತಯಾರಕರೇ ಓಪಸ್ ಬಂದ ಮೇಲೆ ಬದಿಗಿಟ್ಟಿದ್ದಾರೆ.

ಮೋನೋ ಮಾಡಿದರೆ ಧ್ವನಿ ಸಪ್ಪೆಯಾಗುವುದಿಲ್ಲವೇ?

ಒಬ್ಬರು ಒಂದು ಮೈಕಿನ ಮುಂದೆ ಮಾತಾಡಿದ್ದರೆ ಎರಡು ಚಾನೆಲ್‌ಗಳಲ್ಲೂ ಇರುವುದು ಒಂದೇ ವಿಷಯ. ಮೋನೋ ಮಾಡಿದರೆ ಕಳೆಯುವುದು ಏನೂ ಇಲ್ಲ. ಎರಡು ಸಂದರ್ಭಗಳಲ್ಲಿ ಮಾತ್ರ ಎಚ್ಚರ ಬೇಕು. ಎರಡು ಮೈಕುಗಳನ್ನು ಬೇರೆಬೇರೆ ದೂರದಲ್ಲಿಟ್ಟು ಮುದ್ರಿಸಿದ್ದರೆ, ಒಂದಕ್ಕೆ ತುಸು ತಡವಾಗಿ ತಲುಪಿದ ಅಲೆ ಇನ್ನೊಂದರ ಜೊತೆ ಕೂಡಿದಾಗ ಕೆಲವು ಆವರ್ತನಗಳು ಒಂದನ್ನೊಂದು ಅಳಿಸಿಹಾಕಿ ದನಿ ಕೊಳವೆಯೊಳಗಿಂದ ಬಂದಂತೆ ಆಗುತ್ತದೆ. ಆಗ ಎರಡನ್ನೂ ಬೆರೆಸದೆ ಚೆನ್ನಾಗಿರುವ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು. ಸಂದರ್ಶನದಲ್ಲಿ ಇಬ್ಬರ ದನಿಯನ್ನೂ ಎಡಕ್ಕೊಂದು ಬಲಕ್ಕೊಂದು ಬೇರೆಯಾಗಿ ಮುದ್ರಿಸಿದ್ದರೆ ಸಂಕಲನ ಮುಗಿಯುವವರೆಗೂ ಅದನ್ನು ಒಟ್ಟುಮಾಡಬಾರದು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಕೆಮ್ಮು ಬಿದ್ದಾಗ ಈ ಬೇರ್ಪಡೆ ಎಷ್ಟು ಅಮೂಲ್ಯ ಎಂದು ತಿಳಿಯುತ್ತದೆ.

ಮಾತಿಗೆ 8 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್ ಸಾಕು ಅಂತ ಒಬ್ಬರು ಹೇಳಿದರು. ಸರಿಯೇ?

ಹಳೆಯ ದೂರವಾಣಿಯ ಮಟ್ಟ ಸಾಕೆಂದಿದ್ದರೆ ಸರಿ. ಆ ದೂರವಾಣಿ ಸಾಗಿಸುತ್ತಿದ್ದದ್ದು 300ರಿಂದ 3,400 ಹರ್ಟ್ಸ್‌ವರೆಗಿನ ಪಟ್ಟಿಯನ್ನು. ಸ್ವರಗಳು ಅದರೊಳಗೆ ಹಿಡಿಸುತ್ತವೆ, ಊಷ್ಮಾಕ್ಷರಗಳು ಹಿಡಿಸುವುದಿಲ್ಲ. ‘ಸ’ಕಾರದ ಶಕ್ತಿ ಬಹುಮಟ್ಟಿಗೆ 4 ಕಿಲೋಹರ್ಟ್ಸ್‌ಗಿಂತ ಮೇಲಿದೆ, ‘ಶ’ಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಶುರುವಾಗುತ್ತದೆ. ಮೇಲಿನದನ್ನು ಕತ್ತರಿಸಿದರೆ ‘ಸಕಲ’ ಎಂದದ್ದೋ ‘ಶಕಲ’ ಎಂದದ್ದೋ ಸಂದರ್ಭದಿಂದ ಊಹಿಸಬೇಕಾಗುತ್ತದೆ. ದೂರವಾಣಿಯಲ್ಲಿ ಹೆಸರಿನ ಅಕ್ಷರಗಳನ್ನು ಬಿಡಿಸಿ ಬಿಡಿಸಿ ಹೇಳಬೇಕಾಗಿ ಬರುತ್ತಿದ್ದದ್ದು ಇದರಿಂದಲೇ. 16 ಕಿಲೋಹರ್ಟ್ಸ್ ಇಟ್ಟರೆ ಮಾತು ಸ್ಪಷ್ಟ. 24 ಅಥವಾ 32 ಇಟ್ಟರೆ ಮಾತಾಡುವವರು ಎದುರಿಗೇ ಇದ್ದಂತೆ. ಓಪಸ್‌ನಲ್ಲಿ ಈ ಚಿಂತೆಯೇ ಬೇಡ; ಕೊಟ್ಟ ಬಿಟ್‌ರೇಟಿಗೆ ತಕ್ಕ ಪಟ್ಟಿಯನ್ನು ಅದೇ ಆರಿಸಿಕೊಳ್ಳುತ್ತದೆ.

ಕಾರ್ಯಕ್ರಮದಲ್ಲಿ ಮಾತೂ ಇದೆ, ನಡುನಡುವೆ ಹಾಡೂ ಇದೆ. ಏನು ಮಾಡಲಿ?

ಹಾಡಿಗೆ ಬೇಕಾದುದನ್ನು ಕೊಡಿ, ಮಾತು ತಾನಾಗಿ ಸರಿಹೋಗುತ್ತದೆ. ಓಪಸ್ 64ರಿಂದ 96 ಸ್ಟೀರಿಯೋ, ಅಥವಾ ಎಂಪಿ3ಯಲ್ಲಿ ಬದಲಾಗುವ ಬಿಟ್‌ರೇಟಿನ ವಿ4. ಗಾತ್ರ ಇನ್ನೂ ಇಳಿಯಬೇಕೆಂದರೆ ಎಎಸಿಯ ಇನ್ನೊಂದು ರೂಪವಾದ ಎಚ್‌ಇ-ಎಎಸಿ 48ರಿಂದ 64ರಲ್ಲಿ ಕೆಲಸ ಮಾಡುತ್ತದೆ. ಅದು ಮೇಲಿನ ಆವರ್ತನಗಳನ್ನು ನಿಜವಾಗಿ ಬರೆಯದೆ, ಕೆಳಗಿನವನ್ನು ನಕಲು ಮಾಡಿ ಮೇಲಕ್ಕೆ ಕೂರಿಸಿ, ಅವುಗಳ ಬಲ ಎಷ್ಟಿರಬೇಕೆಂಬ ಸೂಚನೆಯನ್ನಷ್ಟೇ ಜೊತೆಗಿಡುತ್ತದೆ. ಕಡಿಮೆ ಬಿಟ್‌ರೇಟಿನಲ್ಲಿ ಈ ವೇಷ ಒಪ್ಪುತ್ತದೆ. 96ಕ್ಕೆ ಬಂದಾಗ ಸಾದಾ ಎಎಸಿ-ಎಲ್‌ಸಿಯೇ ಮೇಲು.

ಹಿನ್ನೆಲೆಯಲ್ಲಿ ಫ್ಯಾನಿನ ಸದ್ದಿದೆ. ಕಂಪ್ರೆಸ್ ಮಾಡಿದ ಮೇಲೆ ಇನ್ನೂ ಕೆಟ್ಟದಾಯಿತು, ಯಾಕೆ?

ಕಂಪ್ರೆಷನ್ ಯಾವುದೇ ಬಗೆಯದಿರಲಿ, ಅದಕ್ಕೆ ಬೇಕಾದದ್ದು ಊಹಿಸಬಲ್ಲ ಕ್ರಮ. ಫ್ಯಾನಿನ ಸುಯ್ಯಲಿಗೆ ಅಂಥ ಕ್ರಮವಿಲ್ಲ, ಹಾಗಾಗಿ ಅದನ್ನು ಬರೆಯಲು ಮಾತಿಗಿಂತ ಹೆಚ್ಚು ಬಿಟ್‌ಗಳು ಬೇಕು. ಅಷ್ಟು ಇಲ್ಲದಾಗ ಎನ್‌ಕೋಡರ್ ಒಂದು ಚೌಕಟ್ಟಿನಲ್ಲಿ ಒಂದಿಷ್ಟು ಆವರ್ತನಗಳನ್ನು ಬರೆದು ಮುಂದಿನದರಲ್ಲಿ ಬಿಡುತ್ತದೆ; ಸಮವಾಗಿದ್ದ ಸುಯ್ಯಲು ಮಿಣುಕುವ, ಗುಳುಗುಟ್ಟುವ ಸದ್ದಾಗುತ್ತದೆ. ಗದ್ದಲವನ್ನು ತಗ್ಗಿಸುವುದಾದರೆ ನಷ್ಟರಹಿತ ಮೂಲದ ಮೇಲೆ, ಕಂಪ್ರೆಷನ್ನಿಗೆ ಮುಂಚೆ, ಮಿತವಾಗಿ ಮಾಡಬೇಕು. ಮೊದಲು ಹಿಂಡಿ ಆಮೇಲೆ ತೊಳೆಯಲು ಹೋದರೆ ಗದ್ದಲ ತೆಗೆಯುವ ತಂತ್ರಾಂಶಕ್ಕೆ ಸ್ಥಿರವಾದ ಮಾದರಿಯೇ ಸಿಗುವುದಿಲ್ಲ. ಎಲ್ಲಕ್ಕಿಂತ ಮೊದಲು ಫ್ಯಾನ್ ಆರಿಸಿ ಮೈಕನ್ನು ಬಾಯಿಗೆ ಒಂದು ಗೇಣು ಹತ್ತಿರ ತಂದರೆ, ಯಾವ ಸೆಟ್ಟಿಂಗೂ ಕೊಡಲಾಗದಷ್ಟು ಸುಧಾರಣೆ ಆಗುತ್ತದೆ.

ಮಾತನ್ನು ಬರಹವಾಗಿಸುವ ತಂತ್ರಾಂಶಕ್ಕೆ ಕೊಡಲು ಯಾವ ಬಗೆ ಒಳ್ಳೆಯದು?

ಮೋನೋ, 16 ಕಿಲೋಹರ್ಟ್ಸ್, 16 ಬಿಟ್ ಫ್ಲ್ಯಾಕ್. ಅಂಥ ಅನೇಕ ತಂತ್ರಾಂಶಗಳು ಒಳಗೆ ಕೆಲಸ ಮಾಡುವುದು ಅದೇ ದರದಲ್ಲಿ. ಹೆಚ್ಚು ಕೊಟ್ಟರೆ ಅವೇ ಇಳಿಸಿಕೊಳ್ಳುತ್ತವೆ.

## ಇನ್ನಷ್ಟು ಆಳಕ್ಕೆ

ನನ್ನ ಬಳಿ 128ರ ಎಂಪಿ3ಗಳಿವೆ. 320ಕ್ಕೆ ಅಥವಾ ಫ್ಲ್ಯಾಕ್‌ಗೆ ಬದಲಿಸಿದರೆ ಸುಧಾರಿಸುತ್ತದೆಯೇ?

ಇಲ್ಲ. ಕಳೆದುಹೋದ ವಿವರ ದೊಡ್ಡ ಡಬ್ಬಿಯಲ್ಲಿಟ್ಟ ಮಾತ್ರಕ್ಕೆ ಮರಳಿ ಬರುವುದಿಲ್ಲ. ಫ್ಲ್ಯಾಕ್ ಆದರೆ ಧ್ವನಿ ಇದ್ದ ಹಾಗೇ ಉಳಿದು ಗಾತ್ರ ಹಲವು ಪಟ್ಟಾಗುತ್ತದೆ. 320ಕ್ಕೆ ಬದಲಿಸಿದರೆ ಧ್ವನಿ ತುಸು ಕೆಡುತ್ತದೆ ಕೂಡ, ಏಕೆಂದರೆ ಎರಡನೆಯ ಎನ್‌ಕೋಡರ್ ಮೊದಲಿನದು ಬಿಟ್ಟ ಗದ್ದಲವನ್ನೂ ಸಂಗೀತವೆಂದೇ ಭಾವಿಸಿ ಅದಕ್ಕೂ ಬಿಟ್‌ಗಳನ್ನು ಹಂಚಿ, ಮೇಲೆ ತನ್ನದೊಂದು ಗದ್ದಲ ಸೇರಿಸುತ್ತದೆ. ಹಲವು ವರ್ಷಗಳ ಹಿಂದೆ ಡಿಸ್ಕ್ ತುಂಬಿತೆಂದು ನನ್ನ ಮುದ್ರಣಗಳ ಮೂಲಗಳನ್ನೆಲ್ಲ ಅಳಿಸಿ 96 ಕೆಬಿಪಿಎಸ್‌ನ ಪ್ರತಿಗಳನ್ನು ಮಾತ್ರ ಉಳಿಸಿಕೊಂಡಿದ್ದೆ; ಅವನ್ನು ಓಪಸ್‌ಗೆ ಬದಲಿಸಲು ಕೂತಾಗ ಬಂದದ್ದು ಎರಡೂ ಕೋಡೆಕ್‌ಗಳ ದೋಷಗಳ ಕೂಡಿಕೆ. ಆ ಫೈಲುಗಳನ್ನು ಈಗ ಎಂಪಿ3ಯಾಗಿಯೇ ಇಟ್ಟಿದ್ದೇನೆ. ನಿಮ್ಮವನ್ನೂ ಹಾಗೆಯೇ ಬಿಡಿ.

ಎಂಪಿ3ಯ ಆರಂಭದ ಒಂದು ನಿಮಿಷ ಕತ್ತರಿಸಬೇಕು. ಮತ್ತೆ ಎನ್‌ಕೋಡ್ ಮಾಡದೆ ಆಗುತ್ತದೆಯೇ?

ಆಗುತ್ತದೆ. ಎಂಪಿ3 ಫೈಲು 1,152 ಮಾದರಿಗಳ ಚೌಕಟ್ಟುಗಳ ಸರಪಳಿ, 44.1 ಕಿಲೋಹರ್ಟ್ಸ್‌ನಲ್ಲಿ ಒಂದು ಚೌಕಟ್ಟು ಸುಮಾರು 26 ಮಿಲಿಸೆಕೆಂಡು. ಚೌಕಟ್ಟಿನ ಗಡಿಯಲ್ಲಿ ಕತ್ತರಿಸುವ ತಂತ್ರಾಂಶಗಳು ಉಳಿದ ಚೌಕಟ್ಟುಗಳನ್ನು ಮುಟ್ಟುವುದೇ ಇಲ್ಲ. ಧ್ವನಿಯನ್ನು ಏರಿಸಿ ಇಳಿಸುವುದನ್ನೂ 1.5 ಡೆಸಿಬೆಲ್ ಹೆಜ್ಜೆಗಳಲ್ಲಿ ಹೀಗೆ ಬಿಚ್ಚದೆಯೇ ಮಾಡಬಹುದು. ಸಾಮಾನ್ಯ ಸಂಕಲನ ತಂತ್ರಾಂಶದಲ್ಲಿ ತೆರೆದು ಕತ್ತರಿಸಿ ಉಳಿಸಿದರೆ ಮಾತ್ರ ಇಡೀ ಫೈಲು ಮತ್ತೊಮ್ಮೆ ನಷ್ಟಕ್ಕೆ ಒಳಗಾಗುತ್ತದೆ.

ಒಂದು ಹಾಡಿನಿಂದ ಇನ್ನೊಂದಕ್ಕೆ ಬಿಡುವಿಲ್ಲದೆ ಹರಿಯಬೇಕಾದ ಕಚೇರಿಯಲ್ಲಿ ನಡುವೆ ಒಂದು ತಡೆ ಬರುತ್ತದೆ. ಯಾಕೆ?

ಚೌಕಟ್ಟುಗಳ ಅಳತೆ ಸ್ಥಿರವಾಗಿರುವುದರಿಂದ ಕೊನೆಯ ಚೌಕಟ್ಟನ್ನು ತುಂಬಲು ಎನ್‌ಕೋಡರ್ ನಿಶ್ಶಬ್ದ ಸೇರಿಸುತ್ತದೆ. ಆರಂಭದಲ್ಲೂ ಅದರ ಲೆಕ್ಕಾಚಾರದ ವಿಳಂಬ ಸೇರುತ್ತದೆ. ಲೇಮ್ ಈ ಎರಡೂ ಅಳತೆಗಳನ್ನು ಫೈಲಿನ ತಲೆಬರಹದಲ್ಲಿ ಬರೆದಿಡುತ್ತದೆ, ಆದರೆ ಅದನ್ನು ಓದಿ ಕತ್ತರಿಸುವುದು ನುಡಿಸುವ ಸಾಧನಕ್ಕೆ ಬಿಟ್ಟದ್ದು. ವೋರ್ಬಿಸ್, ಓಪಸ್ ಫೈಲುಗಳಲ್ಲಿ ಇದು ಫೈಲಿನ ರಚನೆಯ ಭಾಗವಾಗಿಯೇ ಬಂದಿದೆ. ಫ್ಲ್ಯಾಕ್‌ಗೆ ಈ ತೊಂದರೆಯೇ ಇಲ್ಲ.

ಮೂಲದಲ್ಲಿ ಇಲ್ಲದ ಪಟಪಟ ಸದ್ದು ಎಂಪಿ3ಯಲ್ಲಿ ಜೋರಾದ ಕಡೆ ಮಾತ್ರ ಬರುತ್ತದೆ.

ಎನ್‌ಕೋಡರ್ ಅಲೆಯನ್ನು ಹಾಗ್ಹಾಗೇ ಉಳಿಸಿಕೊಳ್ಳುವುದಿಲ್ಲ, ಆದ್ದರಿಂದ ಮೂಲದಲ್ಲಿ ಗರಿಷ್ಠ ಮಿತಿಗೆ ತಾಗಿ ನಿಂತಿದ್ದ ಶಿಖರಗಳು ಬಿಚ್ಚಿದಾಗ ಮಿತಿಯನ್ನು ದಾಟಿ ಕತ್ತರಿಸಲ್ಪಡುತ್ತವೆ. ಬಿಟ್‌ರೇಟ್ ಕಡಿಮೆಯಾದಷ್ಟೂ ಇದು ಹೆಚ್ಚು. ಕಂಪ್ರೆಸ್ ಮಾಡುವ ಮುನ್ನ ಶಿಖರಗಳು ಮಿತಿಗಿಂತ 1 ಡೆಸಿಬೆಲ್ ಕೆಳಗಿರುವಂತೆ ನೋಡಿಕೊಳ್ಳಬೇಕು, ಬಿಟ್‌ರೇಟ್ ತೀರ ಕಡಿಮೆಯಾದರೆ 2 ಡೆಸಿಬೆಲ್. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಹೊರಡಿಸಿದ ಆರ್128 ಶಿಫಾರಸೂ ಶಿಖರಕ್ಕೆ ಹಾಕಿರುವ ಮಿತಿ ಇದೇ 1 ಡೆಸಿಬೆಲ್.

ಹಳೆಯ ಕ್ಯಾಸೆಟ್ಟುಗಳನ್ನು ಇಳಿಸುತ್ತಿದ್ದೇನೆ. ಕ್ಯಾಸೆಟ್ಟಿನ ಗುಣವೇ ಕಡಿಮೆ ಇರುವಾಗ ನೇರ ಎಂಪಿ3 ಮಾಡಬಹುದಲ್ಲ?

ಮಾಡಬೇಡಿ. ಕ್ಯಾಸೆಟ್ಟಿನ ಧ್ವನಿ ಮೊದಲೇ ದುರ್ಬಲವಾಗಿರುವುದರಿಂದಲೇ ಅದರ ಮೇಲೆ ಇನ್ನೊಂದು ನಷ್ಟವನ್ನು ಹೇರಬಾರದು. ಟೇಪಿನ ಸುಯ್ಯಲು ಎಂಪಿ3ಗೆ ಅತ್ಯಂತ ಕಷ್ಟದ ಸಾಮಗ್ರಿ, ಮತ್ತು ಇಂದಿಗಿಂತ ಉತ್ತಮವಾದ ಗದ್ದಲ ನಿವಾರಣೆಯ ವಿಧಾನ ಮುಂದೆ ಬಂದಾಗ ಅದು ಕೇಳುವುದು ಮುಟ್ಟದ ಮೂಲವನ್ನು. ಧ್ವನಿ ದಾಖಲೆಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ತನ್ನ ಮಾರ್ಗಸೂಚಿಯಲ್ಲಿ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಇರಬೇಕೆನ್ನುತ್ತದೆ. ಟೇಪು ಪ್ರತಿ ಸಲ ಓಡಿದಾಗಲೂ ಸವೆಯುತ್ತದೆ, ನುಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಎರಡನೆಯ ಅವಕಾಶ ಸಿಗದೆ ಹೋಗಬಹುದು. ಮೊದಲು ನುಡಿಸುವ ತಲೆಯನ್ನು (ಹೆಡ್ಡನ್ನು) ಶುಚಿಗೊಳಿಸಿ, ಅದರ ಓರೆಯನ್ನು ಆ ಟೇಪಿಗೆ ಹೊಂದಿಸಿ, ಆಮೇಲೆ ಇಳಿಸಿ ಫ್ಲ್ಯಾಕ್ ಮಾಡಿಡಿ. ಫ್ಲ್ಯಾಕ್ ತನ್ನೊಳಗೆ ಮೂಲದ ಎಂಡಿ5 ಮುದ್ರೆಯನ್ನು (ಧ್ವನಿಯ ದತ್ತಾಂಶದಿಂದ ಲೆಕ್ಕಹಾಕಿದ ಗುರುತಿನ ಅಂಕಿಯನ್ನು) ಇಟ್ಟುಕೊಳ್ಳುವುದರಿಂದ ಹತ್ತು ವರ್ಷದ ನಂತರವೂ ಫೈಲು ಕೆಟ್ಟಿದೆಯೇ ಇಲ್ಲವೇ ಎಂದು ಒಂದು ಪರೀಕ್ಷೆಯಲ್ಲಿ ತಿಳಿಯುತ್ತದೆ. ಧ್ವನಿಯನ್ನು ಹಿಂಡದೆ ಇಡುವ ವೇವ್ ಫೈಲಿಗೆ ಈ ಅನುಕೂಲವಿಲ್ಲ.

ಯಾವ ಬಿಟ್‌ರೇಟ್ ನನ್ನ ಕಿವಿಗೆ ಸಾಕು ಅಂತ ನಾನೇ ಪರೀಕ್ಷಿಸುವುದು ಹೇಗೆ?

ಕಣ್ಣು ಮುಚ್ಚಿಕೊಂಡು, ಅಂದರೆ ಯಾವುದು ಯಾವುದೆಂದು ತಿಳಿಯದ ಹಾಗೆ. ಎಬಿಎಕ್ಸ್ ಎಂಬ ಪರೀಕ್ಷೆಯಲ್ಲಿ ಎ ಮೂಲ, ಬಿ ಕಂಪ್ರೆಸ್ ಆದದ್ದು, ಎಕ್ಸ್ ಇವೆರಡರಲ್ಲಿ ಯಾವುದೋ ಒಂದು. ಎಕ್ಸ್ ಯಾವುದೆಂದು ಹೇಳಬೇಕು. 16 ಸಲ ಮಾಡಿ 12 ಅಥವಾ ಹೆಚ್ಚು ಸಲ ಸರಿ ಹೇಳಿದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಡಿಮೆ. ಎಷ್ಟು ಸಲ ಮಾಡುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಗೆದ್ದಾಗ ನಿಲ್ಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಎರಡರ ಜೋರೂ ಸಮವಾಗಿರಬೇಕು, ಏಕೆಂದರೆ ಕೂದಲೆಳೆಯಷ್ಟು ಜೋರಾದದ್ದೂ ಕಿವಿಗೆ ‘ಉತ್ತಮ’ವೆಂದು ತೋರುತ್ತದೆ. ನೀವೇ ಮೂಲದಿಂದ ಮಾಡಿಕೊಂಡ ಫೈಲುಗಳನ್ನೇ ಹೋಲಿಸಿ. ಬೇರೆಬೇರೆ ಕಡೆಯಿಂದ ತಂದ ಪ್ರತಿಗಳಲ್ಲಿ ಮುದ್ರಣವೇ ಬೇರೆಯಿರಬಹುದು. ತಂತಿಯ ಹೆಡ್‌ಫೋನ್ ಬಳಸಿ, ಬ್ಲೂಟೂತ್ ತಾನೇ ಧ್ವನಿಯನ್ನು ಇನ್ನೊಮ್ಮೆ ಹಿಂಡಿ ಕಳಿಸುತ್ತದೆ.

ಆರು ಗಂಟೆಗೂ ಮಿಕ್ಕ ಮುದ್ರಣದ ವೇವ್ ಫೈಲು ತೆರೆಯುತ್ತಲೇ ಇಲ್ಲ. ಎಲ್ಲ ಹೋಯಿತೇ?

ಬಹುಶಃ ಹೋಗಿಲ್ಲ. ವೇವ್ ಫೈಲಿನ ತಲೆಬರಹದಲ್ಲಿ ಗಾತ್ರವನ್ನು ಬರೆಯಲು ಇರುವುದು 32 ಬಿಟ್ ಜಾಗ, ಹಾಗಾಗಿ 4 ಜಿಬಿ ದಾಟಿದ ಕೂಡಲೇ ಅಲ್ಲಿನ ಅಂಕಿ ಅರ್ಥ ಕಳೆದುಕೊಳ್ಳುತ್ತದೆ. ಸಿಡಿ ಗುಣಮಟ್ಟದಲ್ಲಿ ಆ ಗಡಿ ಬರುವುದು ಸುಮಾರು 6 ಗಂಟೆ 45 ನಿಮಿಷಕ್ಕೆ, 24 ಬಿಟ್ 96 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ 2 ಗಂಟೆ ದಾಟಿದ ಸ್ವಲ್ಪ ಹೊತ್ತಿಗೇ. ತಲೆಬರಹವನ್ನು ಕಡೆಗಣಿಸಿ ಕಚ್ಚಾ ದತ್ತಾಂಶವಾಗಿ ತೆರೆಯುವ ಆಯ್ಕೆ ಹಲವು ಸಂಕಲನ ತಂತ್ರಾಂಶಗಳಲ್ಲಿದೆ. ಮಾದರಿಯ ದರ, ಬಿಟ್‌ಗಳ ಸಂಖ್ಯೆ, ಚಾನೆಲ್‌ಗಳ ಸಂಖ್ಯೆಯನ್ನು ಕೈಯಾರೆ ಕೊಟ್ಟರೆ ಧ್ವನಿ ಸಿಗುತ್ತದೆ. ಬರೀ ಕರ್ಕಶ ಗದ್ದಲ ಬಂದರೆ ಮೊದಲಿನ ಒಂದೆರಡು ಬೈಟ್ ಬಿಟ್ಟು ಮತ್ತೆ ತೆರೆಯಿರಿ. ಸಿಕ್ಕಿದ್ದನ್ನು ಕೂಡಲೇ ಫ್ಲ್ಯಾಕ್ ಆಗಿ ಉಳಿಸಿಕೊಳ್ಳಿ, ಮುಂದಿನ ಸಲ ಮುದ್ರಕದಲ್ಲಿ ಆರ್‌ಎಫ್64 (4 ಜಿಬಿ ದಾಟಬಲ್ಲ ವೇವ್ ಬಗೆ) ಆಯ್ಕೆ ಇದ್ದರೆ ಅದನ್ನು ಆರಿಸಿ.